ಎಣ್ಣೆ ನೀರು, ಸೌನಾ ಮತ್ತು ಮಲಗುವ ಹೊತ್ತು

ಮಲೆನಾಡಿನ ಸಾಗರ ಪಟ್ಟಣದ ಹತ್ತಿರದ ನಮ್ಮ ಮನೆಯಲ್ಲಿ ನಿದ್ರೆಯ ಬಗ್ಗೆ ಯಾರೂ ಮಾತನಾಡಿದ ನೆನಪು ನನಗಿಲ್ಲ. ಊಟವಾಗಿ, ಹಿತ್ತಿಲ ಬಾಗಿಲು ಹಾಕಿ, ಹಾಸಿಗೆ ಬಿಡಿಸಿದರೆ ನಿದ್ರೆ ತಾನಾಗಿ ಬರುತ್ತಿತ್ತು. ಫಿನ್ಲೆಂಡಿನ ಎಸ್ಪೂ ನಗರಕ್ಕೆ ಬಂದ ಮೊದಲ ಜೂನ್ ತಿಂಗಳಲ್ಲಿಯೇ ಅದು ತಪ್ಪಿಹೋಯಿತು. ಆ ದಿನಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ 10.50ರ ಸುಮಾರಿಗೆ, ಮತ್ತೆ ಹುಟ್ಟುವುದು ನಸುಕಿನ 4 ಗಂಟೆಗೂ ಮೊದಲು. ನಡುವಿನ ಹೊತ್ತಿನಲ್ಲಿಯೂ ಕತ್ತಲೆ ಪೂರ್ತಿಯಾಗಿ ಕವಿಯುವುದಿಲ್ಲ. ಡಿಸೆಂಬರಿನಲ್ಲಿ ಹಗಲು 6 ಗಂಟೆಗೂ ಕಡಿಮೆ. ಸಾಗರದಲ್ಲಾದರೋ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ಗಂಟೆಯಷ್ಟೂ ವ್ಯತ್ಯಾಸವಿಲ್ಲ.

ನಿದ್ರೆ ಬರುತ್ತಿಲ್ಲವೆಂದು ಅಮ್ಮನಿಗೆ ಹೇಳಿದಾಗ, ಬಿಸಿ ಹಾಲಿಗೆ ಒಂದು ಚಿಟಿಕೆ ಜಾಯಿಕಾಯಿ ತೇದು ಹಾಕಿ ಕುಡಿಯಲು ಹೇಳಿದರು, ಚಿಟಿಕೆಗಿಂತ ಹೆಚ್ಚು ಬೇಡವೆಂಬ ಎಚ್ಚರಿಕೆಯೊಂದಿಗೆ. ಒಂದು ವಾರ ಕುಡಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಯೋಚಿಸಿದಾಗ ಕಾರಣ ತಿಳಿಯಿತು: ಮನೆಯಲ್ಲಿ ಆ ಹಾಲು ಬರುತ್ತಿದ್ದದ್ದು ದಿನದ ಕೆಲಸವೆಲ್ಲ ಮುಗಿದು, ದೀಪಗಳು ಒಂದೊಂದಾಗಿ ಆರುತ್ತಿದ್ದ ಹೊತ್ತಿಗೆ, ನಾನು ಕುಡಿಯುತ್ತಿದ್ದದ್ದು ರಾತ್ರಿ ಹನ್ನೊಂದಕ್ಕೆ, ಬೆಳಗುವ ಕಂಪ್ಯೂಟರಿನ ಮುಂದೆ ಕುಳಿತು. ಹೊರನಾಡಿನಲ್ಲಿರುವ ನಾವು ಮನೆಯ ಮದ್ದುಗಳನ್ನು ಡಬ್ಬಿಯಲ್ಲಿ ಕಟ್ಟಿ ತರುತ್ತೇವೆ, ಆದರೆ ಆ ಮದ್ದುಗಳು ಸೇರಿಕೊಂಡಿದ್ದ ಹೊತ್ತನ್ನು ತರುವುದಿಲ್ಲ ಎಂಬುದು ನನಗೆ ಆಗ ಅನ್ನಿಸಿತು, ಈಗಲೂ ಹಾಗೆಯೇ ಅನ್ನಿಸುತ್ತದೆ.

ಫಿನ್ನರು ಹೊತ್ತನ್ನು ಬಹಳ ಗಂಭೀರವಾಗಿ ಕಾಯುತ್ತಾರೆ, ಏಕೆಂದರೆ ಅವರ ಆಕಾಶ ಅದನ್ನು ಕಾಯುವುದಿಲ್ಲ. ಬೇಸಿಗೆಯಲ್ಲಿ ದಪ್ಪ ಪರದೆ ಎಳೆದು ಮಲಗುವ ಕೋಣೆಯನ್ನು ಕತ್ತಲಾಗಿಸುತ್ತಾರೆ. ಚಳಿಗಾಲದ ಬೆಳಿಗ್ಗೆ ಎಷ್ಟೋ ಮನೆಗಳಲ್ಲಿ 10,000 ಲಕ್ಸ್ ಪ್ರಖರತೆಯ ದೀಪದ ಮುಂದೆ ಅರ್ಧ ಗಂಟೆ ಕುಳಿತು ತಿಂಡಿ ತಿನ್ನುತ್ತಾರೆ. ಕಣ್ಣಿನ ಒಳಪದರದಲ್ಲಿರುವ ಕೆಲವು ಜೀವಕೋಶಗಳು ನೋಡುವುದಕ್ಕಿಂತ ಹೆಚ್ಚಾಗಿ ಬೆಳಕನ್ನು ಅಳೆದು ಮೆದುಳಿನ ಗಡಿಯಾರಕ್ಕೆ ತಿಳಿಸುವ ಕೆಲಸ ಮಾಡುತ್ತವೆ; ಬೆಳಗಿನ ಬೆಳಕು ಸಿಕ್ಕರೆ ರಾತ್ರಿಯ ನಿದ್ರೆಯೂ ಸಕಾಲಕ್ಕೆ ಬರುತ್ತದೆ. ನಸುಕಿಗೆ ಎದ್ದು ಅಂಗಳಕ್ಕಿಳಿದು, ತೋಟದ ಕಡೆ ಒಂದು ಸುತ್ತು ಹೋಗಿ ಬರುತ್ತಿದ್ದ ನನ್ನ ಅಪ್ಪನಿಗೆ ಅಂಥ ದೀಪ ಬೇಕಾಗಿರಲಿಲ್ಲ.

ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ. ಸುಮಾರು 55 ಲಕ್ಷ ಜನರ ಈ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ ಎನ್ನುತ್ತಾರೆ. 2020ರಲ್ಲಿ ಯುನೆಸ್ಕೊ ಈ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ವಸತಿ ಕಟ್ಟಡದಲ್ಲಿ ಒಂದೊಂದು ಮನೆಗೂ ವಾರಕ್ಕೊಂದು ಗಂಟೆ ಗೊತ್ತುಮಾಡಿದ್ದಾರೆ, ನಮ್ಮದು ಶನಿವಾರ ಸಂಜೆ ಏಳಕ್ಕೆ. ಮರದ ಗೋಡೆಯ ಸಣ್ಣ ಕೋಣೆ, 80 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ, ಕಾದ ಕಲ್ಲುಗಳ ಮೇಲೆ ನೀರು ಹೊಯ್ದಾಗ ಏಳುವ ಹಬೆ. ಸೌನಾದಲ್ಲಿ ಚರ್ಚಿನಲ್ಲಿದ್ದಂತೆ ಇರಬೇಕೆಂಬ ಹಳೆಯ ಮಾತೊಂದು ಇಲ್ಲಿದೆ. ಅಲ್ಲಿ ಕುಳಿತ ಮೊದಲ ಸಲವೇ ನನಗೆ ನಮ್ಮ ಬಚ್ಚಲುಮನೆ ಕಣ್ಣಿಗೆ ಕಟ್ಟಿತು: ಒಲೆಯಲ್ಲಿ ಉರಿಯುವ ಒಣ ಅಡಿಕೆ ಸಿಪ್ಪೆ, ಹಂಡೆಯಲ್ಲಿ ಕುದಿಯುವ ನೀರು, ನೆತ್ತಿಗೆ ಎಣ್ಣೆ ತಟ್ಟಿ ತಿಕ್ಕುವ ಅಜ್ಜಿಯ ಕೈ, ಸೀಗೆಪುಡಿಯ ಘಾಟು. ಎಣ್ಣೆ ನೀರು ಹಾಕಿಸಿಕೊಂಡ ದಿನ ಮಧ್ಯಾಹ್ನ ಕಣ್ಣು ಎಳೆಯುತ್ತಿದ್ದರೂ ಹಗಲು ಮಲಗಲು ಹಿರಿಯರು ಬಿಡುತ್ತಿರಲಿಲ್ಲ. ಆ ನಿದ್ರೆಯೆಲ್ಲ ರಾತ್ರಿಗೆ ಉಳಿಯುತ್ತಿತ್ತು. ಎರಡರಲ್ಲಿಯೂ ದೇಹದಲ್ಲಿ ನಡೆಯುವುದು ಒಂದೇ. ಬಿಸಿಗೆ ಚರ್ಮದ, ಕೈಕಾಲುಗಳ ರಕ್ತನಾಳಗಳು ಹಿಗ್ಗುತ್ತವೆ, ಹೊರಗೆ ಬಂದ ಮೇಲೆ ಒಳಗಿನ ಕಾವು ಅವುಗಳ ಮೂಲಕ ಬೇಗ ಇಳಿಯುತ್ತದೆ, ಹಾಗೆ ಇಳಿಯುವಾಗಲೇ ನಿದ್ರೆ ಹತ್ತುತ್ತದೆ. ಆದ್ದರಿಂದ ಬಿಸಿನೀರಿನ ಸ್ನಾನ ಮಲಗುವುದಕ್ಕೆ ಒಂದೆರಡು ಗಂಟೆ ಮೊದಲು ಆಗುವುದು ಒಳ್ಳೆಯದು.

ಬುದ್ಧಿ ಚುರುಕಾಗಲೆಂದು ನಮ್ಮಲ್ಲಿ ತಿನ್ನುತ್ತಿದ್ದದ್ದು ಒಂದೆಲಗದ ತಂಬುಳಿ, ತುಳುವಿನಲ್ಲಿ ತಿಮರೆ ಎನ್ನುವ ಅದೇ ಸೊಪ್ಪಿನದು. ಇಲ್ಲಿನ ಅಂಗಡಿಗಳಲ್ಲಿ ಬ್ರಾಹ್ಮಿ ಹೆಸರಿನ ಮಾತ್ರೆ ಸಿಗುತ್ತದೆ, ಆದರೆ ಅದು ಸಾಮಾನ್ಯವಾಗಿ ನೀರುಬ್ರಾಹ್ಮಿಯದು, ಬೇರೆಯೇ ಗಿಡ. ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಕಾಫಿಯ ವಿಷಯದಲ್ಲಿ ಮಾತ್ರ ಎರಡು ನಾಡುಗಳೂ ತಪ್ಪುತ್ತವೆಂದು ನನಗನ್ನಿಸುತ್ತದೆ. ಫಿನ್ನರು ಜಗತ್ತಿನಲ್ಲಿಯೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿದ್ದಾರೆ, ನಮ್ಮವರು ಸಂಜೆ ಆರಕ್ಕೂ ಒಂದು ಲೋಟ ಕೇಳುತ್ತಾರೆ. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆ ಕಳೆದ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಮಧ್ಯಾಹ್ನ ಎರಡರ ನಂತರ ನಾನು ಕಾಫಿ ಬಿಟ್ಟಿದ್ದೇನೆ.

ಈಗ ಶನಿವಾರ ಮಧ್ಯಾಹ್ನ ಮನೆಯಲ್ಲಿಯೇ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಸಂಜೆ ಸೀಗೆಪುಡಿಯಲ್ಲಿ ತಿಕ್ಕಿ ತೊಳೆದುಕೊಂಡು, ಆಮೇಲೆ ಸೌನಾಕ್ಕೆ ಹೋಗುತ್ತೇನೆ, ಹತ್ತಕ್ಕೆ ಮಲಗುತ್ತೇನೆ. ಅಮ್ಮನಿಗೆ ಇದು ಒಪ್ಪಿಗೆಯಿಲ್ಲ. ತಲೆಗೆ ನೀರು ಬೆಳಿಗ್ಗೆಯೇ ಹಾಕಬೇಕು, ರಾತ್ರಿ ಹಾಕಿದರೆ ಶೀತವಾಗುತ್ತದೆ ಎನ್ನುತ್ತಾರೆ. ಆಷಾಢದ ಮಳೆಯಲ್ಲಿ ಎರಡು ದಿನವಾದರೂ ಬಟ್ಟೆ ಒಣಗದ ಮಲೆನಾಡಿಗೆ ಆ ಮಾತು ಸರಿಯೇ. ಚಳಿಗಾಲದಲ್ಲಿ ಒಳಗೆಲ್ಲ ಬೆಚ್ಚಗಿಟ್ಟ ಇಲ್ಲಿನ ಮನೆಗಳ ಒಣ ಗಾಳಿಯಲ್ಲಿ ಕೂದಲು ಅರ್ಧ ಗಂಟೆಯಲ್ಲಿ ಒಣಗುತ್ತದೆ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ, ಅವರು ಪ್ರತಿ ಸಲವೂ ತಲೆ ಸರಿಯಾಗಿ ಒರೆಸಿಕೊಂಡೆಯಾ ಎಂದು ಕೇಳುತ್ತಾರೆ.