ಯಾರ ಹಂಗೂ ಇಲ್ಲದ ಮನೆ

ಕೊಟ್ಟಿಗೆಹಾರದ ಕಡೆ ಮಳೆ ಹಿಡಿಯಿತೆಂದರೆ ತಂತಿಯ ಮೇಲೆ ಮರ ಬೀಳುವುದೂ ಕರೆಂಟು ಹೋಗುವುದೂ ಸುದ್ದಿಯೇ ಅಲ್ಲ. ಹಾಗಾಗಿ ತೋಟದ ಮೇಲ್ತುದಿಯಲ್ಲಿ ಕಂಬ, ತಂತಿ, ಬಿಲ್ಲು ಯಾವುದೂ ಇಲ್ಲದ ಮರದ ಮನೆಯೊಂದನ್ನು ಕಟ್ಟುವುದೆಂದು ನಿಶ್ಚಯಿಸಿದೆ. ದಿಮ್ಮಿಯ ಮೇಲೆ ದಿಮ್ಮಿ ಪೇರಿಸಿದ ಗೋಡೆ, ಸೋಲಾರ್ ದೀಪ, ಅಬ್ಬಿಯ ನೀರು. ‘ಯಾರ ಹಂಗೂ ಇರುವುದಿಲ್ಲ’ ಎಂದು ಊಟಕ್ಕೆ ಕುಳಿತಾಗ ಹೇಳಿದ್ದೇ ತಡ, ಮನೆಮಂದಿಯೆಲ್ಲ ಸಹಾಯಕ್ಕೆ ನಿಂತರು.

ಸಿಲ್ವರ್ ಓಕ್ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಡ. 1976ರ ಮರಗಳ ಸಂರಕ್ಷಣಾ ಕಾಯ್ದೆಯೇ ಅದನ್ನು ಬಿಟ್ಟಿದೆ. ಕಾಯ್ದೆ ಬಿಟ್ಟರೂ ಅಮ್ಮ ಬಿಡಬೇಕಲ್ಲ? ನೆಟ್ಟಗಿರುವ ಮರಗಳಿಗೆಲ್ಲ ಕಾಳುಮೆಣಸಿನ ಬಳ್ಳಿ ಹಬ್ಬಿತ್ತು. ಬಳ್ಳಿಯಿದ್ದ ಮರಕ್ಕೆ ಕೊಡಲಿ ತಾಕಿಸಿದರೆ ಅನ್ನವಿಲ್ಲ ಎಂದರು. ಉಳಿದದ್ದು ಬಳ್ಳಿಗೂ ಬೇಡವಾದ ಸೊಟ್ಟ ಮರಗಳು. ಅವನ್ನೂ ಅಮಾವಾಸ್ಯೆಯ ಆಸುಪಾಸಿನಲ್ಲೇ ಕಡಿಯಬೇಕು, ಇಲ್ಲದಿದ್ದರೆ ಕುಟ್ಟೆ ಹುಳು ಹಿಡಿಯುತ್ತದೆ ಎಂದು ಮಾವನವರು ಪಂಚಾಂಗ ಬಿಚ್ಚಿದರು. ಅಮಾವಾಸ್ಯೆ ಬಂದಾಗ ಆಳುಗಳೆಲ್ಲ ಕಾಫಿ ಕೊಯ್ಲಿನಲ್ಲಿದ್ದರು.

ಹಸಿ ಮರದ ತೊಗಟೆ ಸಲೀಸಾಗಿ ಬಿಡುತ್ತದೆ, ಸುಲಿದ ದಿಮ್ಮಿ ಮಾತ್ರ ಕೈಯಲ್ಲಿ ನಿಲ್ಲುವುದಿಲ್ಲ. ಮಕ್ಕಳು ಸುಲಿದ ಒಂದು ದಿಮ್ಮಿ ಕಾಫಿ ಗಿಡಗಳ ನಡುವೆ ಜಾರುತ್ತಾ ಹಳ್ಳದವರೆಗೂ ಹೋಯಿತು. ಅದನ್ನು ಎಳೆಯಲು ಭಾವನ ಜೀಪು ಇಳಿಯಿತು. ಜೀಪನ್ನು ಎಳೆಯಲು ಪಕ್ಕದ ತೋಟದ ಟ್ರ್ಯಾಕ್ಟರ್ ಬಂತು.

ನಮ್ಮ ಆಚಾರಿ ಕೆಲಸ ಬಲ್ಲವರು. ಮರ ಒಣಗುತ್ತಾ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಗಾಗಿ ಮಲಗಿಸಿದ ದಿಮ್ಮಿಗಳ ಗೋಡೆ ಕುಳ್ಳಗಾದರೂ ನಿಂತ ಬಾಗಿಲುವಾಡ ಇದ್ದಷ್ಟೇ ಇರುತ್ತದೆ. ಅದಕ್ಕೆಂದೇ ಅವರು ಬಾಗಿಲಿನ ಮೇಲೆ ನಾಲ್ಕು ಬೆರಳು ಸಂದು ಬಿಟ್ಟಿದ್ದರು. ಜೀವಮಾನವೆಲ್ಲ ಸೇತುವೆ ಕಟ್ಟಿಸಿದ ಚಿಕ್ಕಪ್ಪನಿಗೆ ಅದು ಅರೆಬರೆ ಕೆಲಸವಾಗಿ ಕಂಡಿತು. ಯಾರಿಗೂ ಹೇಳದೆ, ಉಪಕಾರವೆಂದೇ ಭಾವಿಸಿ, ಸಂದಿಗೆಲ್ಲ ಸಿಮೆಂಟು ತುಂಬಿಬಿಟ್ಟರು. ಬೇಸಿಗೆಯಿಡೀ ಗೋಡೆ ಮೆಲ್ಲಗೆ ಬಾಗಿಲುವಾಡದ ಮೇಲೆ ಕೂರುತ್ತಾ ಬಂತು. ಮೊದಲ ಮಳೆಗೆ ಬಾಗಿಲಿನ ಹಲಗೆಯೂ ಉಬ್ಬಿತು. ಅಂದು ರಾತ್ರಿ ಒಳಗೆ ಮಲಗಿದ್ದವರು ಚಿಕ್ಕಪ್ಪನೇ. ಬೆಳಿಗ್ಗೆ ಕಿಟಕಿಯಿಂದ ಮೊದಲು ಟಾರ್ಚು, ಆಮೇಲೆ ಕನ್ನಡಕ, ಕೊನೆಗೆ ಪಂಚೆ ಸಮೇತ ಚಿಕ್ಕಪ್ಪ ಹೊರಬಂದರು. ‘ಸಿಮೆಂಟು ಒಂದಿಷ್ಟೂ ಬಿರುಕು ಬಿಟ್ಟಿಲ್ಲ ನೋಡು’ ಎಂದರು. ಆಚಾರಿ ಏನೂ ಹೇಳಲಿಲ್ಲ. ಉಳಿ ಕೈಗೆತ್ತಿಕೊಂಡು ಕೂಲಿಯನ್ನು ಎರಡರಷ್ಟು ಹೇಳಿದರು.

ಜುಲೈ ಬಂದರೆ ಸೋಲಾರ್ ಫಲಕಕ್ಕೆ ಬಿಸಿಲೇ ಕಾಣುವುದಿಲ್ಲ. ಆದರೆ ಆಗ ಹಳ್ಳದಲ್ಲಿ ನೀರಿಗೆ ಬರವಿಲ್ಲ. 20 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಲೀಟರ್ ನೀರು ಪೈಪಿನಲ್ಲಿ ಇಳಿದರೆ ಪುಟ್ಟ ಟರ್ಬೈನು ಹೆಚ್ಚುಕಡಿಮೆ 1 ಕಿಲೋವಾಟ್ ಕೊಡುತ್ತದೆ. ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ದೀಪ ಉರಿಯುವುದು ಹೀಗೆಯೇ. ನಾವೂ ಹಾಕಿಸಿದೆವು. ತೊಂದರೆಯೆಂದರೆ, ಪೈಪಿನ ಬಾಯಿಯ ಜಾಲರಿಗೆ ತರಗೆಲೆ ಕಟ್ಟಿಕೊಂಡರೆ ದೀಪ ಮಂಕಾಗುತ್ತದೆ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಂಡು, ಇಂಬಳಗಳ ನಡುವೆ ಯಾರಾದರೂ ಹೋಗಿ ಎಲೆ ತೆಗೆಯಬೇಕು. ಹಂಗಿಲ್ಲದ ದೀಪಕ್ಕೆ ಈಗ ಅಡುಗೆಮನೆಯ ಗೋಡೆಯ ಮೇಲೆ ಪಾಳಿಯ ಪಟ್ಟಿಯಿದೆ.

ಮೊನ್ನೆ ಅತ್ತೆಯವರ ಧಾರಾವಾಹಿಯಲ್ಲಿ ಕೊಲೆಗಾರ ಮುಸುಕು ತೆಗೆಯುವ ಹೊತ್ತಿಗೆ ಸರಿಯಾಗಿ ಟಿವಿ ಆರಿತು. ಎಲ್ಲರೂ ಪಟ್ಟಿಯನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು. ಛತ್ರಿ ಹಿಡಿದು ಹೋಗಿ, ಎಲೆ ಬಾಚಿ, ತೊಯ್ದು ತೊಪ್ಪೆಯಾಗಿ ಬಂದು, ‘ಕೊಲೆ ಮಾಡಿದವನು ಯಾರಂತೆ ಅತ್ತೆ?’ ಎಂದು ಕೇಳಿದೆ.

‘ನಾಳೆ ತೋರಿಸುತ್ತಾರಂತೆ. ನಾಳೆ ಮಾತ್ರ ಧಾರಾವಾಹಿ ಶುರುವಾಗುವ ಮೊದಲೇ ಹೋಗಿ ಅಲ್ಲೇ ನಿಂತುಕೊಳ್ಳಿ ಅಳಿಯಂದಿರೇ.’