ಸೂಲಗಿತ್ತಿ ನರಸಮ್ಮನವರ ಅಕ್ಕರೆ ಮತ್ತು ನಮ್ಮ ‘ಉಚಿತ ಸೇವೆ’ಯ ಹೊಗಳಿಕೆ

ಸೂಲಗಿತ್ತಿ ನರಸಮ್ಮನವರ ಕುರಿತ ಬರಹಗಳು ಹೆಚ್ಚಾಗಿ ಒಂದು ಸಂಖ್ಯೆಯಿಂದಲೇ ಆರಂಭವಾಗುತ್ತವೆ: ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಕೇಳಿ ಬೆರಗಾಗಿ ಸುಮ್ಮನಾಗುವ ಬದಲು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಎಪ್ಪತ್ತು ವರ್ಷಗಳ ದುಡಿಮೆಯೆಂದು ಹಿಡಿದರೂ ವಾರಕ್ಕೆ ಸರಾಸರಿ ನಾಲ್ಕು ಹೆರಿಗೆಗಳಾಗುತ್ತವೆ. ಹೆರಿಗೆ ನೋವು ಹೊತ್ತು ನೋಡಿ ಬರುವುದಿಲ್ಲ. ಚೊಚ್ಚಲು ಹೆರಿಗೆಯಾದರೆ ಒಂದು ಹಗಲು, ಒಂದು ರಾತ್ರಿ ಹಿಡಿಯುವುದೂ ಉಂಟು. ಹಾಗಿದ್ದ ಮೇಲೆ ನರಸಮ್ಮನವರು ತಮ್ಮ ಮನೆಯಲ್ಲಿ ನಿಶ್ಚಿಂತೆಯಿಂದ ಮಲಗಿದ ರಾತ್ರಿಗಳಾದರೂ ಎಷ್ಟಿದ್ದಾವು?

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರ ಅವರ ಊರು. ಮೂರು ದಿಕ್ಕಿನಲ್ಲಿ ಆಂಧ್ರಪ್ರದೇಶ ಸುತ್ತುವರಿದಿರುವ, ಬರಕ್ಕೆ ಹೆಸರಾದ ಸೀಮೆ ಅದು. ಅಕ್ಷರ ಕಲಿಯದ, ಮನೆಮಾತು ತೆಲುಗಾಗಿದ್ದ ನರಸಮ್ಮನವರಿಗೆ ಹನ್ನೆರಡನೆಯ ವಯಸ್ಸಿನಲ್ಲೇ ಮದುವೆಯಾಯಿತು. ಹನ್ನೆರಡು ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಚಿಕ್ಕಂದಿನಲ್ಲೇ ತೀರಿಕೊಂಡರು. ಸೂಲಗಿತ್ತಿಯಾಗಿದ್ದ ಅಜ್ಜಿ ಮರಿಗೆಮ್ಮನವರ ಜೊತೆಯಲ್ಲಿದ್ದು ಕೆಲಸ ಕಲಿತ ಅವರು, ಇಪ್ಪತ್ತರ ಹರೆಯದಲ್ಲಿ ಬಂಧುವೊಬ್ಬರ ಹೆರಿಗೆಗೆ ನೆರವಾಗುವ ಮೂಲಕ ಈ ದಾರಿಗೆ ಬಂದರು. ಹೆತ್ತು ಕಳೆದುಕೊಂಡ ಸಂಕಟವನ್ನು ಸ್ವತಃ ಉಂಡವರು ಇನ್ನೊಬ್ಬರ ಮಗ್ಗುಲಲ್ಲಿ ಕುಳಿತಾಗ ಆಡುವ ಸಮಾಧಾನದ ಮಾತಿಗೆ ಬೇರೆಯೇ ತೂಕವಿರುತ್ತದೆ ಎಂದು ನಾನು ನಂಬಿದ್ದೇನೆ.

ಸೂಲಗಿತ್ತಿಯ ಕೆಲಸವೆಂದರೆ ಮಗುವನ್ನು ಹಿಡಿದುಕೊಳ್ಳುವುದಷ್ಟೇ ಎಂದು ನಮ್ಮ ಪೇಟೆಯ ಓದುಗರು ಭಾವಿಸಿರಬಹುದು. ಹೊಟ್ಟೆಯ ಮೇಲೆ ಕೈಯಾಡಿಸಿ ಮಗುವಿನ ತಲೆ ಯಾವ ಕಡೆಗಿದೆ ಎಂದು ತಿಳಿಯುವುದು, ಹೆದರಿದವಳಿಗೆ ಧೈರ್ಯ ಹೇಳುವುದು, ಮಾಸು ಪೂರ್ತಿ ಬಿದ್ದಿತೇ ಎಂದು ನೋಡುವುದು, ಹೊಕ್ಕುಳ ಬಳ್ಳಿ ಕೊಯ್ಯುವುದು, ರಕ್ತದ ಬಟ್ಟೆಗಳನ್ನು ಒಗೆಯುವುದು, ಆಮೇಲೆ ಎಷ್ಟೋ ದಿನ ಬಂದು ಮಗುವಿಗೆ ಎಣ್ಣೆ ತಿಕ್ಕಿ ಎರೆಯುವುದು, ಬಾಣಂತಿ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ ಎಂದು ಅವಳ ಅತ್ತೆಯನ್ನು ವಿಚಾರಿಸುವುದು, ಎಲ್ಲವೂ ಅದರಲ್ಲಿ ಸೇರಿರುತ್ತಿದ್ದವು. ಈ ಕೆಲಸದಲ್ಲಿ ಅಕ್ಕರೆಯನ್ನೂ ಕುಶಲತೆಯನ್ನೂ ಬಿಡಿಸಿ ನೋಡಲಾಗದು, ಏಕೆಂದರೆ ಹೆದರಿಕೆಯಿಂದ ಮೈ ಬಿಗಿಹಿಡಿದವಳಿಗೆ ಹೆರಿಗೆಯೂ ಕಷ್ಟವಾಗುತ್ತದೆ.

ನರಸಮ್ಮನವರು ಇದಕ್ಕೆ ಶುಲ್ಕ ಪಡೆಯುತ್ತಿರಲಿಲ್ಲ ಎಂಬುದನ್ನು ನಾವು ಬಹಳ ಹೆಮ್ಮೆಯಿಂದ ಹೇಳುತ್ತೇವೆ. ಅವರ ಔದಾರ್ಯದ ಮುಂದೆ ನಾನೂ ತಲೆಬಾಗುತ್ತೇನೆ, ಆದರೆ ನಮ್ಮ ಹೆಮ್ಮೆಯ ಬಗ್ಗೆ ನನಗೆ ತಕರಾರಿದೆ. ಹಳ್ಳಿಗಳಲ್ಲಿ ಈ ಕೆಲಸ ಬಹುಮಟ್ಟಿಗೆ ಕೆಳಜಾತಿಯ ಬಡ ಹೆಂಗಸರ ಪಾಲಿಗೇ ಬಂದಿತ್ತು. ಮಗು ಹುಟ್ಟುವ ತನಕ ಅವರ ಕೈ ಬೇಕು, ಹುಟ್ಟಿದ ಮೇಲೆ ಮೈಲಿಗೆಯ ಮಾತು. ಒಂದು ಮೊರ ಅಕ್ಕಿಯನ್ನೋ ಹಳೆಯ ಸೀರೆಯನ್ನೋ ಕೊಟ್ಟು ಋಣ ತೀರಿತೆಂದುಕೊಂಡ ಸಮಾಜವೇ ಇಂದು ‘ಉಚಿತ ಸೇವೆ’ ಎಂದು ಹಾಡಿ ಹೊಗಳುವುದು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ.

ಗೌರವಗಳು ಬಂದವು, ಆದರೆ ತಡವಾಗಿ ಬಂದವು. ತುಮಕೂರು ವಿಶ್ವವಿದ್ಯಾನಿಲಯ 2014ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಪದ್ಮಶ್ರೀ ಬಂದದ್ದು 2018ರಲ್ಲಿ. ಅದೇ ವರ್ಷ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ, ನರಸಮ್ಮನವರು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದರು.

ಹಿಂದಿನದೆಲ್ಲ ಚೆನ್ನಾಗಿತ್ತು, ಮನೆಯಲ್ಲೇ ಹೆರಿಗೆಯಾಗಲಿ ಎನ್ನುವವರ ಸಾಲಿನಲ್ಲಿ ನಾನಿಲ್ಲ. ಅಧಿಕ ರಕ್ತಸ್ರಾವವಾದರೆ ಎಂಥ ಪಳಗಿದ ಕೈಯೂ ರಕ್ತದ ಬಾಟಲಿಗೆ ಬದಲಿಯಾಗಲಾರದು. ಒಂದು ಲಕ್ಷ ಜೀವಂತ ಜನನಗಳಿಗೆ 2007–09ರಲ್ಲಿ 178ರಷ್ಟಿದ್ದ ಕರ್ನಾಟಕದ ತಾಯಂದಿರ ಮರಣ ಪ್ರಮಾಣ 2018–20ರ ಹೊತ್ತಿಗೆ 69ಕ್ಕೆ ಇಳಿದದ್ದರಲ್ಲಿ ಆಸ್ಪತ್ರೆಗಳ ಪಾಲು ದೊಡ್ಡದು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿದ್ದವು. ಅದೇ ಸಮೀಕ್ಷೆಯಲ್ಲಿ ಸಿಸೇರಿಯನ್ ಹೆರಿಗೆಗಳ ಪ್ರಮಾಣ ನೂರಕ್ಕೆ 31ನ್ನು ದಾಟಿತ್ತು. ಇವಕ್ಕೆಲ್ಲ ಕಾರಣ ಒಂದೇ ಅಲ್ಲ, ನಿಜ. ಆದರೆ ಹೆರಿಗೆ ಕೋಣೆಯಲ್ಲಿ ಗದರಿಕೆ ಕೇಳಿಸಿಕೊಂಡು ಒಬ್ಬಳೇ ನೋವು ತಿಂದ ಹೆಂಗಸರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ಜೀವ ಉಳಿಯಿತಲ್ಲ, ಇನ್ನೇನು ಬೇಕು ಎಂದು ಅವರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ.

ಹೆರಿಗೆಯ ವೇಳೆ ಜೊತೆಗೊಬ್ಬ ಹೆಂಗಸು ಇರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ನರಸಮ್ಮನವರು ತೀರಿಕೊಂಡ ಆ ಡಿಸೆಂಬರಿನಲ್ಲೇ, ದಾದಿಯರಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು ಸಹಜ ಹೆರಿಗೆಗಳ ಹೊಣೆ ಒಪ್ಪಿಸುವ ಮಾರ್ಗಸೂಚಿಯೂ ಹೊರಬಂತು. ನರಸಮ್ಮನವರಿಗೆ ಸ್ಮಾರಕ ಬೇಕೆನ್ನುವವರು ಮೊದಲು ಈ ಎರಡು ಆದೇಶಗಳು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಜಾರಿಯಲ್ಲಿವೆಯೇ ಎಂದು ಹೋಗಿ ಕೇಳಲಿ. ಹಾಗೆಯೇ ನಮ್ಮ ಹಳ್ಳಿಗಳಲ್ಲಿ ಇನ್ನೂ ಉಳಿದಿರುವ ವಯಸ್ಸಾದ ಸೂಲಗಿತ್ತಿಯರ ಹೆಸರುಗಳನ್ನು ಗ್ರಾಮ ಪಂಚಾಯಿತಿಗಳು ಪಟ್ಟಿ ಮಾಡಲಿ. ಜಾನಪದ ಕಲಾವಿದರಿಗೆ ಕೊಡುವಂತೆ ಅವರಿಗೂ ಮಾಸಾಶನ ಕೊಡುವುದು ಸರ್ಕಾರಕ್ಕೆ ದೊಡ್ಡ ಹೊರೆಯೇನೂ ಆಗದು.