ಲಸಿಕೆಯ ಲೆಕ್ಕವನ್ನು ಹಾಲಿನ ಡೇರಿಯಲ್ಲೇ ಹೇಳಿ

ಕೊರೊನಾ ಕಾಲದಲ್ಲಿ ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಹಾಕಿಸಿಕೊಂಡಿದ್ದೂ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿ ನಮ್ಮ ಚಿಕ್ಕಮ್ಮ ಹಾಕಿಸಿಕೊಂಡಿದ್ದೂ ಒಂದೇ ಲಸಿಕೆ. ಇಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಆಸ್ಟ್ರಾಜೆನೆಕಾ ಅಂದರು. ಪುಣೆಯ ಸೀರಂ ಸಂಸ್ಥೆಯಲ್ಲಿ ತಯಾರಾಗಿ ಊರಿಗೆ ಬಂದದ್ದು ಕೋವಿಶೀಲ್ಡ್. ಆದರೆ ಅದರ ಬಗ್ಗೆ ನಮ್ಮಿಬ್ಬರಿಗೆ ಸಿಕ್ಕ ತಿಳಿವಳಿಕೆಯಲ್ಲಿ ತುಂಬ ಅಂತರವಿತ್ತು. ಆ ಅಂತರ ಇವತ್ತಿಗೂ ನನ್ನನ್ನು ಕಾಡುತ್ತದೆ.

2021ರ ಏಪ್ರಿಲ್ 7ರಂದು ಇಲ್ಲಿನ ಅಧಿಕಾರಿಗಳು ಟಿವಿ ಮುಂದೆ ಕೂತು ಒಂದು ಕೆಟ್ಟ ಸುದ್ದಿ ಹೇಳಿದರು. ಮಾರ್ಚ್ ಕೊನೆಯವರೆಗೆ 2 ಕೋಟಿಗೂ ಜಾಸ್ತಿ ಡೋಸ್ ಕೊಟ್ಟಿದ್ದೇವೆ, ಅದರಲ್ಲಿ 79 ಜನರಿಗೆ ಅಪರೂಪದ ರೀತಿಯಲ್ಲಿ ರಕ್ತ ಹೆಪ್ಪುಗಟ್ಟಿದೆ, 19 ಜನ ತೀರಿಕೊಂಡಿದ್ದಾರೆ ಅಂದರು. 30 ವರ್ಷದೊಳಗಿನವರಿಗೆ ಬೇರೆ ಲಸಿಕೆ ಕೊಡುತ್ತೇವೆ ಅಂತಲೂ ಹೇಳಿದರು. ಜೊತೆಗೆ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಮಾಡಿದ ಒಂದು ಚಿತ್ರ ತೋರಿಸಿದರು. ಸೋಂಕು ಕಡಿಮೆ ಇರುವಾಗ 60ರಿಂದ 69 ವಯಸ್ಸಿನ ಒಂದು ಲಕ್ಷ ಜನರಿಗೆ ಲಸಿಕೆ ಹಾಕಿದರೆ ಸುಮಾರು 14 ಜನ ಐಸಿಯು ಸೇರುವುದು ತಪ್ಪುತ್ತದೆ, ಲಸಿಕೆಯಿಂದ ಗಂಭೀರ ತೊಂದರೆ ಆಗುವುದು ಲಕ್ಷಕ್ಕೆ 0.2 ಜನರಿಗೆ. ಇಪ್ಪತ್ತರ ಹರೆಯದವರಲ್ಲಿ ಲಾಭ 0.8, ತೊಂದರೆ 1.1. ಹಾಗಾಗಿ ಅವರಿಗೆ ಬೇರೆ ಲಸಿಕೆ. ಎಂಟನೇ ಕ್ಲಾಸಿನ ಹುಡುಗನಿಗೂ ಅರ್ಥವಾಗುವ ಲೆಕ್ಕ ಅದು. ನೋಡಿದ ಮೇಲೆ ನನ್ನ ಭಯ ಪೂರ್ತಿ ಹೋಗಲಿಲ್ಲ. ಆದರೆ ನನ್ನ ವಯಸ್ಸಿಗೆ ಎಷ್ಟು ಭಯಪಡಬೇಕು ಅನ್ನುವುದು ತಿಳಿಯಿತು.

ಅದೇ ಸುದ್ದಿ ನಮ್ಮೂರಿಗೆ ವಾಟ್ಸಾಪ್‌ನಲ್ಲಿ ಹೋಯಿತು. ಹೋಗುವಷ್ಟರಲ್ಲಿ ಲೆಕ್ಕ ಕಳಚಿ ಬಿದ್ದಿತ್ತು. ಚಿಕ್ಕಮ್ಮ ಫೋನ್ ಮಾಡಿದರು. "ನಿಮ್ಮ ದೇಶದಲ್ಲಿ ನಿಲ್ಲಿಸೇಬಿಟ್ರಂತಲ್ಲೋ ಮಗಾ, ನಾನು ಎರಡನೇದು ಹಾಕಿಸ್ಕೊಳ್ಳೋದೋ ಬೇಡ್ವೋ?" ಅವರಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆ ಬೇರೆ. ಲಸಿಕೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದೇ ಅಂಥವರಿಗೆ. ನಾನು ಅಂಕಿಗಳನ್ನು ಬಿಡಿಸಿ ಹೇಳಿದೆ. ಅವರು ಸಮಾಧಾನವಾಗಿ ಕೇಳಿಸಿಕೊಂಡು, "ಇದನ್ನ ಇಲ್ಲಿ ಯಾರೂ ಹೇಳಲೇ ಇಲ್ವಲ್ಲ" ಅಂದರು.

ಭಾರತದಲ್ಲಿ ಲೆಕ್ಕ ಇಡಲಿಲ್ಲ ಅಂತಲ್ಲ. 2021ರ ಮೇ 17ರಂದು ಕೇಂದ್ರ ಆರೋಗ್ಯ ಇಲಾಖೆ ಕೋವಿಶೀಲ್ಡ್‌ನ ಲೆಕ್ಕ ಹೊರಗಿಟ್ಟಿತು. ರಕ್ತ ಹೆಪ್ಪುಗಟ್ಟಿರಬಹುದಾದ 26 ಪ್ರಕರಣ, ಅಂದರೆ 10 ಲಕ್ಷ ಡೋಸ್‌ಗೆ 0.61. ಲಸಿಕೆ ಹಾಕಿಸಿಕೊಂಡ 20 ದಿನದೊಳಗೆ ಉಸಿರಾಟದ ತೊಂದರೆ, ಎದೆನೋವು, ಬಿಡದ ತಲೆನೋವು ಬಂದರೆ ತಿಳಿಸಿ ಎಂದೂ ಸಲಹೆ ಕೊಟ್ಟಿತ್ತು. ಇಷ್ಟು ಒಳ್ಳೆಯ ಮಾಹಿತಿ ಪತ್ರಿಕಾ ಪ್ರಕಟಣೆಯಲ್ಲಿತ್ತು. ನಮ್ಮ ಹಳ್ಳಿಗೆ ಬಂದದ್ದು ಮಾತ್ರ ಆಟೋ ಮೈಕಿನ "ಹೆದರಬೇಡಿ, ಲಸಿಕೆ ಸುರಕ್ಷಿತ" ಎಂಬ ಕೂಗು. ನನಗೆ ಬಿಪಿ ಇದೆ, ಹಾಕಿಸಿಕೊಳ್ಳಬಹುದಾ? ಎರಡು ದಿನ ಜ್ವರ ಬಂದು ಮಲಗಿದರೆ ಕೂಲಿ ಯಾರು ಕೊಡುತ್ತಾರೆ? ಮೈಕಿಗೆ ಇಂಥ ಪ್ರಶ್ನೆ ಕೇಳಲು ಆಗುವುದಿಲ್ಲ ಅಲ್ವಾ?

ಎರಡು ಡೋಸ್ ನಡುವಿನ ಅಂತರದ ಕಥೆಯೂ ಇದೇ. ಇಂಗ್ಲೆಂಡಿನಲ್ಲಿ 2020ರ ಡಿಸೆಂಬರ್ ಕೊನೆಗೇ ಅದನ್ನು 12 ವಾರಕ್ಕೆ ಏರಿಸಿದರು. ಮೊದಲ ಡೋಸೇ ಸಾಕಷ್ಟು ರಕ್ಷಣೆ ಕೊಡುತ್ತದೆ, ಅದು ಬೇಗ ಹೆಚ್ಚು ಜನರಿಗೆ ಸಿಗಲಿ ಎಂದು ಕಾರಣ ಹೇಳಿದರು. ಭಾರತದಲ್ಲಿ 12ರಿಂದ 16 ವಾರ ಮಾಡಿದ್ದು 2021ರ ಮೇ 13ರಂದು. ಜನ ಲಸಿಕೆ ಸಿಗದೆ ಬೆಳಗಿನ ಜಾವದಿಂದ ಸಾಲು ನಿಲ್ಲುತ್ತಿದ್ದ ಸಮಯ. ಸ್ಟಾಕ್ ಇಲ್ಲ ಅಂತ ಹೀಗೆ ಹೇಳ್ತಿದ್ದಾರೆ ಅಂದುಕೊಂಡವರನ್ನು ನಾನು ದೂರಲಾರೆ.

ಹಾಗಂತ ಇಂಗ್ಲೆಂಡಿನಲ್ಲಿ ಎಲ್ಲ ಸರಿಯಿತ್ತು ಅನ್ನಬೇಡಿ. ಇಲ್ಲಿ ಲೆಕ್ಕ ಇತ್ತು, ಅದನ್ನು ಮನೆ ಬಾಗಿಲಿಗೆ ತಂದು ಹೇಳುವ ಪರಿಚಯದ ಮುಖ ಇರಲಿಲ್ಲ. ಕಪ್ಪು ಜನರಲ್ಲಿ, ದಕ್ಷಿಣ ಏಷ್ಯಾದವರಲ್ಲಿ ಲಸಿಕೆ ಬಗ್ಗೆ ಅನುಮಾನ ಜಾಸ್ತಿ ಇತ್ತು. ಅದು ಗೊತ್ತಾದ ಮೇಲೆ ಇಲ್ಲಿನ ಅಧಿಕಾರಿಗಳು ಜನ ಸೇರುವ ಕಡೆಗೇ ಹೋದರು. 2021ರ ಜನವರಿಯಲ್ಲಿ ನಮ್ಮ ಬರ್ಮಿಂಗ್‌ಹ್ಯಾಮ್‌ನ ಬಾಲ್ಸಾಲ್ ಹೀತ್‌ನಲ್ಲಿರುವ ಅಲ್ ಅಬ್ಬಾಸ್ ಮಸೀದಿ ಲಸಿಕಾ ಕೇಂದ್ರವಾಯಿತು. ಲಂಡನ್ನಿನ ನೀಸ್ಡನ್ ಸ್ವಾಮಿನಾರಾಯಣ ಮಂದಿರದಲ್ಲೂ ಲಸಿಕೆ ಹಾಕಿದರು. ಬಿಬಿಸಿ ಏಷ್ಯನ್ ನೆಟ್‌ವರ್ಕ್ ತಮಿಳು, ಉರ್ದು, ಪಂಜಾಬಿ, ಗುಜರಾತಿ, ಸಿಲೆಟಿ ಭಾಷೆಗಳಲ್ಲಿ ವಿಡಿಯೊ ಮಾಡಿತು. ಆ ಐದರಲ್ಲಿ ಕನ್ನಡ ಇರಲಿಲ್ಲ. ಮಕ್ಕಳ ಮನೆಗೆ ಬಂದು ಇಲ್ಲೇ ಉಳಿದಿದ್ದ ನಮ್ಮ ಹಿರಿಯರಿಗೆ, ಇಲ್ಲಿ ಕೆಲಸ ಮಾಡುವ ಕನ್ನಡಿಗ ಡಾಕ್ಟರುಗಳೇ ಜೂಮ್‌ನಲ್ಲಿ ಕೂತು ಉತ್ತರ ಹೇಳಿದರು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಏನು ಮಾಡಬೇಕು ಎಂಬ ಒಂದು ಪ್ರಶ್ನೆಗೇ ತಾಳ್ಮೆಯಿಂದ ಎಷ್ಟೊಂದು ಹೊತ್ತು ಕೊಟ್ಟರು. ಅದನ್ನೇ ನಾನು ವಯಸ್ಕರ ಶಿಕ್ಷಣ ಅನ್ನುವುದು.

ಮನೆಮನೆಗೆ ಹೋಗುವ ಜನರನ್ನು ಹುಡುಕಲು ಇಂಗ್ಲೆಂಡ್ 60 ಪಾಲಿಕೆಗಳಿಗೆ 2 ಕೋಟಿ 37 ಲಕ್ಷ ಪೌಂಡ್ ಕೊಡಬೇಕಾಯಿತು. ಕರ್ನಾಟಕದಲ್ಲಿ ಅಂಥವರು ಮೊದಲೇ ಇದ್ದರು. ಸುಮಾರು 42,000 ಆಶಾ ಕಾರ್ಯಕರ್ತೆಯರು! ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರು ಶುಗರ್ ಮಾತ್ರೆ ಬಿಟ್ಟಿದ್ದಾರೆ, ಎಲ್ಲ ಅವರಿಗೆ ಗೊತ್ತು. ಅಂಥವರು 2020ರ ಜುಲೈನಲ್ಲಿ, ಸಾಂಕ್ರಾಮಿಕದ ನಡುವೆಯೇ, ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಮಾಡಬೇಕಾಯಿತು. ಮರುವರ್ಷ ಅವರ ಮೇಲೆ ಇಂತಿಷ್ಟು ಜನರನ್ನು ಕರೆತರಬೇಕು ಎಂಬ ಒತ್ತಡ ಬಂತು. ಆ ಜನ ಕೇಳುವ ಪ್ರಶ್ನೆಗೆ ಉತ್ತರ ಇರುವ ಒಂದು ಹಾಳೆ ನಮ್ಮೂರಿನ ಆಶಾ ಅಕ್ಕನ ಕೈಗೆ ಬರಲಿಲ್ಲ. ನನಗೆ ಅತಿ ಬೇಸರ ತರುವ ಸಂಗತಿ ಇದು.

ತಾಳ್ಮೆ ತಪ್ಪಿದಾಗ ಎರಡೂ ಕಡೆ ಬಲವಂತಕ್ಕೆ ಇಳಿದರು. ಇಂಗ್ಲೆಂಡ್ 2021ರ ನವೆಂಬರ್‌ನಲ್ಲಿ ವೃದ್ಧಾಶ್ರಮದ ಸಿಬ್ಬಂದಿಗೆ ಲಸಿಕೆ ಕಡ್ಡಾಯ ಮಾಡಿ, 2022ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ನಮ್ಮಲ್ಲೂ ಲಸಿಕೆ ಇಲ್ಲದಿದ್ದರೆ ರೇಷನ್ ಇಲ್ಲ ಎಂಬ ಮಾತು ಕೆಲವು ಕಡೆ ಕೇಳಿಬಂತು. ಹೆದರಿ ತೋಳು ಕೊಟ್ಟವರ ಅನುಮಾನ ಒಳಗೇ ಉಳಿಯಿತು.

ಅದು ಹೊರಗೆ ಬಂದದ್ದು ಆಮೇಲೆ. ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದು ಎಂದು ಆಸ್ಟ್ರಾಜೆನೆಕಾ ಲಂಡನ್ ಕೋರ್ಟಿನಲ್ಲಿ ಒಪ್ಪಿಕೊಂಡ ಸುದ್ದಿ 2024ರಲ್ಲಿ ಬಂದಾಗ ನನಗೆ ಅದು ಮೂರು ವರ್ಷ ಹಳೆಯ ವಿಷಯ. ಚಿಕ್ಕಮ್ಮನ ಓಣಿಯಲ್ಲಿ ಮಾತ್ರ ಎಲ್ಲರೂ ನಡುಗಿದರು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯಲ್ಲಿ ಸಾಲುಸಾಲಾಗಿ ಹೃದಯಾಘಾತದ ಸುದ್ದಿ ಬಂದಾಗ ಮತ್ತೆ ಲಸಿಕೆಯ ಮೇಲೇ ಬೆರಳು ಹೋಯಿತು. ಮುಖ್ಯಮಂತ್ರಿಗಳೇ ಆ ಅನುಮಾನ ಎತ್ತಿದರು. ಜನ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ತಜ್ಞರ ಸಮಿತಿ, ಚಿಕ್ಕ ವಯಸ್ಸಿನ ಹೃದಯ ಕಾಯಿಲೆಗೂ ಕೋವಿಡ್ ಲಸಿಕೆಗೂ ಸಂಬಂಧ ಕಂಡಿಲ್ಲ ಎಂದು ವರದಿ ಕೊಟ್ಟಿತು.

ಆ ವರದಿ ಕನ್ನಡದ ಒಂದು ಹಾಳೆಯಾಗಿ ಹಾಸನದ ಪ್ರತಿ ಹಾಲಿನ ಡೇರಿಗೆ ಹೋಗಬೇಕು. ಬೆಳಿಗ್ಗೆ, ಸಂಜೆ ಊರಿನ ದೊಡ್ಡವರೆಲ್ಲ ಕ್ಯಾನ್ ಹಿಡಿದು ಸೇರುವ ಜಾಗ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆಶಾ ಅಕ್ಕ ಅಲ್ಲಿ ಅರ್ಧ ಗಂಟೆ ಕೂತು ಪ್ರಶ್ನೆ ಕೇಳಿಸಿಕೊಳ್ಳಲಿ. ಆ ಅರ್ಧ ಗಂಟೆಗೂ ಆಶಾ ಅಕ್ಕನಿಗೆ ದುಡ್ಡು ಕೊಡಲಿ. ಲಸಿಕೆ ಕಾರಣವಲ್ಲ ಅಂತ ಹೇಳಿ ಎದ್ದು ಹೋಗುವುದು ಬೇಡ. ಬಿಪಿ, ಸಕ್ಕರೆ, ಬೀಡಿ ಸಿಗರೇಟು ಹೃದಯಕ್ಕೆ ಏನು ಮಾಡುತ್ತವೆ, ಎದೆನೋವು ಬಂದರೆ ಮೊದಲು ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಅಲ್ಲೇ ಹೇಳಲಿ.